ಹಳ್ಳದ ಸೇತುವೆಯ ವಿಶಲ್

ಗುಡುಗು ಮಳೆ ಆಗಷ್ಟೇ ನಿಂತಿತ್ತು. ಟಿಕೆಟ್ ಕೊಡುತ್ತಲೇ, ನಿಂತಿದ್ದ ಬಸ್ಸಿನ ಬಾಗಿಲಿಗೆ ಬಂದು ಬಗ್ಗಿ ನೋಡಿದೆ. ಹಳ್ಳದ ಸೇತುವೆಯ ಮೇಲೆ ಪಾದ ಮುಳುಗುವಷ್ಟೇ ನೀರಿತ್ತು. ಹೊರಡಲು ಎರಡು ವಿಶಲ್ ಊದಬೇಕೆಂದು ಉಸಿರೆಳೆದುಕೊಂಡೆ. ಅಷ್ಟರಲ್ಲಿ ಬಸ್ಸಿನ ಹಿಂಬದಿಯಿಂದ ಒಂದೇ ವಿಶಲ್ ಕೇಳಿಸಿತು, ನಿಲ್ಲಿಸುವ ವಿಶಲ್. ಆಗಲೇ ಗೇರ್ ಹಾಕಿ ಬಸ್ಸನ್ನು ಮುಂದಕ್ಕೆ ಸರಿಸತೊಡಗಿದ್ದ ಡ್ರೈವರ್ ಬ್ರೇಕ್ ಒತ್ತಿದರು. ಕಣ್ಣೆದುರೇ ಕೆಂಪು ನೀರು ನುಗ್ಗಿ ಸೇತುವೆಯ ಕಂಬಿಗಳನ್ನು ಮುಳುಗಿಸಿತು.

"ಅಕ್ಕ, ನಿಮ್ಮ ವಿಶಲ್‌ಗೆ ಕಿವಿ ತೂತಾಯ್ತು ಅಂತ ದಿನಾ ಬೈತಿದ್ದೆ. ಇವತ್ತು ಅದೇ ನಲವತ್ತು ಜೀವ ಉಳಿಸ್ತು ನೋಡಿ," ಎಂದರು ಡ್ರೈವರ್.

ಹಿಂದೆ ಹೋಗಿ ನೋಡಿದೆ. ಕೊನೆಯ ಸೀಟಿನಲ್ಲಿ ಯಾರೂ ಇರಲಿಲ್ಲ. ಕಿಟಕಿ ಮುಚ್ಚಿತ್ತು, ಆದರೂ ಸೀಟು ಒದ್ದೆಯಾಗಿ ಕೊರೆಯುತ್ತಿತ್ತು.

ಊದಿದ್ದು ನಾನಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಇನ್ನು ಮೇಲೆ ಇಲ್ಲಿ ಎರಡು ಊದುವ ಮುನ್ನ ಆ ಸೀಟಿನ ಕಡೆ ಒಂದು ಗಳಿಗೆ ಕಿವಿಗೊಡಬೇಕೆಂದು ಮನಸ್ಸಿನಲ್ಲೇ ನಿರ್ಧರಿಸಿದೆ.