ಬೆಲ್ಟಿನ ಮೇಲಿನ ಎರಡು ಗೆರೆ

ಕಾರ್ತಿಕ ಕಳೆದು ಚಳಿ ಬಿದ್ದಿತ್ತು. ಅಮರಗೋಳದ ಮಾರುಕಟ್ಟೆಗೆ ಹತ್ತಿ ಹೊತ್ತ ಟ್ರ್ಯಾಕ್ಟರುಗಳು ನಸುಕಿನಿಂದಲೇ ಸಾಲುಗಟ್ಟಿದ್ದವು. ಹತ್ತಿ ಮಾರಿದವರು ಮದುವೆಯ ಜವಳಿಗೆಂದು ಹುಬ್ಬಳ್ಳಿ ಪೇಟೆಗೆ ಇಳಿಯುವ ಕಾಲ ಅದು. ಜವಳಿ ಮುಗಿಸಿ ಅಳಿಯನಿಗೊಂದು ವಾಚು ಎಂದವರು ಕೇಶ್ವಾಪುರದ ಕಮರುದ್ದೀನ ಕಾಕಾನ ಅಂಗಡಿಗೆ ಬರುತ್ತಿದ್ದರು.

ಅಲ್ಲಿ ಕೆಲಸಕ್ಕಿದ್ದ ಭಾಗ್ಯಶ್ರೀ ಗಾಜು ಒರೆಸಿ, ನಿಂತ ವಾಚುಗಳ ಮುಳ್ಳುಗಳನ್ನೆಲ್ಲ ಒಂದೇ ವೇಳೆಗೆ ತಿರುಗಿಸಿ ಇಟ್ಟಿದ್ದಳು. ನಡೆಯದ ವಾಚುಗಳ ನಡುವೆ ಅವಳಿಗೆ ಒಂಥರ ನೆಮ್ಮದಿ.

ಕುಂದಗೋಳದ ಕಡೆಯ ಹಿರಿಯರೊಬ್ಬರಿಗೆ ಅವಳು 'ಮೊರ್ವಾ' ಎಂಬ ಸ್ವಿಸ್ ಕಂಪನಿಯ ಕಥೆ ಹೇಳುತ್ತಿದ್ದಳು. ಅರಮನೆಯವರು ತೊಡುವಷ್ಟು ತುಟ್ಟಿಯಲ್ಲ, ಆದರೆ ಮೂರು ತಲೆಮಾರು ತಾಳುವ ಮಾಲು. ಹಿಮ ಬಿದ್ದು ಹೊಲ ಮುಚ್ಚಿಹೋದಾಗ ಅಲ್ಲಿನ ರೈತರು ದನಗಳನ್ನು ಕೊಟ್ಟಿಗೆಗೆ ಕಟ್ಟಿ, ಕಿಟಕಿಯ ಬೆಳಕಿಗೆ ಕೂತು ವಾಚಿನ ಹಲ್ಲಿನ ಚಕ್ರ ಉಜ್ಜುತ್ತಿದ್ದರಂತೆ. ಆ ಮನೆಗಳಿಂದಲೇ ಈ ಕಂಪನಿ ಎದ್ದದ್ದು. ಈಗ ಕಚೇರಿಗೆ ತೆಳ್ಳನೆಯದು, ವಿಮಾನ ಹಾರಿಸುವವರಿಗೆ ದೊಡ್ಡ ಅಂಕಿಯದು, ಸಮುದ್ರದಲ್ಲಿ ಮುಳುಗುವವರಿಗೆ ಒಂದು, ಅಜ್ಜನ ಕಾಲದ ನಮೂನೆಯದು ಇನ್ನೊಂದು.

"ನಮ್ಮ ಅಳಿಯಾ ಬಾವ್ಯಾಗೂ ಇಳದಿಲ್ಲವಾ," ಎಂದರು ಹಿರಿಯರು. "ಅವಗ ಅಜ್ಜಂದ ಸಾಕು."

ಭಾಗ್ಯಶ್ರೀ ನಕ್ಕಳು. ಆದರೆ ಈ ಕಥೆ ಮುಗಿದಾಗಲೆಲ್ಲ ಒಂದು ದನಿ ಅವಳ ಕಿವಿಯಲ್ಲಿ ಏಳುತ್ತಿತ್ತು. 'ಅವರೂ ನಮ್ಹಂಗ ಒಕ್ಕಲುತನದವರ ಅನ್ನು!' ಬಸವಕಿರಣನ ದನಿ. ಅವಳನ್ನು ಮದುವೆಯಾಗಬೇಕಿದ್ದವನು.

ನಿಶ್ಚಯಕ್ಕೆ ಅವಳ ಮನೆಯವರು ಅವನಿಗೆ ಕೊಟ್ಟದ್ದು ಇದೇ ಅಜ್ಜನ ಕಾಲದ ನಮೂನೆಯ ವಾಚು. ಅವನ ಮನೆಯವರು ಅವಳಿಗೆ ಉಡಿಸಿದ್ದು ಹಸಿರು ಇಲಕಲ್ ಸೀರೆ. ಲಗ್ನದ ಕಾರ್ಡು ಹಂಚುವಾಗ ಬೈಪಾಸಿನಲ್ಲಿ ಲಾರಿ ಬಡಿದು ಬಸವಕಿರಣ ಹೋದ. ನಿಶ್ಚಯ ಮುರಿದರೆ ಎರಡೂ ಮನೆಯವರು ಕೊಟ್ಟದ್ದು ತಂದದ್ದು ತಿರುಗಿಸಿ ಬಿಡುಗಡೆ ಮಾಡಿಕೊಳ್ಳುವುದು ಪದ್ಧತಿ. ಆದರೆ ಸಾವಿನ ಮನೆಗೆ ಹೋಗಿ ವಾಚು ಕೇಳುವವರಾರು? ಎರಡು ವರ್ಷವಾಯಿತು. ಸೀರೆ ಇಲ್ಲಿ, ವಾಚು ಅಲ್ಲಿ. ಅವಳು ಆ ಮನೆಯ ಸೊಸೆಯಲ್ಲ, ಈ ಮನೆಯ ಕನ್ಯೆಯೂ ಅಲ್ಲ... ಅವಳನ್ನು ಉಡಿ ತುಂಬಲು ಕರೆಯುವುದನ್ನೂ ಓಣಿಯವರು ಬಿಟ್ಟಿದ್ದರು.

ಹಿರಿಯರು ಎದ್ದುಹೋದ ಮೇಲೆ ಯಾರೋ ಗಾಜಿನ ಮೇಲೆ ಒಂದು ವಾಚು ಇಟ್ಟರು.

ಭಾಗ್ಯಶ್ರೀ ಅದನ್ನು ಎತ್ತಿಕೊಂಡಳು.

ಕಂದು ಬೆಲ್ಟು. ತೂತುಗಳ ಸಾಲಿಗಿಂತ ಒಳಗೆ, ವಾಚಿನ ಹತ್ತಿರ, ಸೊಟ್ಟಗೆ ಹೊಡೆದ ಇನ್ನೊಂದು ತೂತು. ಬಸವಕಿರಣನ ಮಣಿಕಟ್ಟು ಸಪೂರ ಎಂದು ಕಮರುದ್ದೀನ ಕಾಕಾ ನಗುತ್ತ ಹೊಡೆದ ತೂತು ಅದು. ಸತ್ತವನೇ ಬಂದು ಕೈ ಚಾಚಿದಂತಾಯಿತು!

ವಾಚು ನಡೆಯುತ್ತಿತ್ತು.

ತಲೆಯೆತ್ತಿದಳು. ಬಸವಕಿರಣನ ತಮ್ಮ ಅಮರೇಶ. ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ ಕೆಲಸ ಮಾಡುವವನು. ಹುಬ್ಬಿನ ಕೂದಲಿಗೆ ಇನ್ನೂ ಅರಳೆಯ ಎಳೆ ಅಂಟಿತ್ತು. ವಾಚು ಕೊಂಡ ದಿನ ಅಣ್ಣನ ಹಿಂದೆ ನಿಂತು, ಅತ್ತಿಗೆಯಾಗುವವಳೆಂದು ಮಾತಿಗೊಮ್ಮೆ "ವೈನಿ" ಎನ್ನುತ್ತಿದ್ದವನು.

"ನಡುನಡುಕ ನಿಲ್ಲಾಕತ್ತೇತ್ರಿ," ಎಂದ. "ಸ್ವಲ್ಪ ನೋಡ್ರಿ." ವೈನಿ ಎನ್ನಲಿಲ್ಲ.

ಅವಳ ಕಣ್ಣು ಬೆಲ್ಟಿನ ಮೇಲೆಯೇ ಇತ್ತು. ಚರ್ಮದ ಮೇಲೆ ಬಕಲು ಒತ್ತಿದ ಎರಡು ಗೆರೆ. ಸೊಟ್ಟ ತೂತಿನ ಬಳಿ ಹಳೆಯದೊಂದು, ಮಾಸಿದ್ದು. ಅದಕ್ಕಿಂತ ಹೊರಗೆ, ದಪ್ಪ ಮಣಿಕಟ್ಟಿನ ಅಳತೆಗೆ, ಆಳವಾದ ಇನ್ನೊಂದು.

ಈ ವಾಚಿಗೆ ಬ್ಯಾಟರಿಯಿಲ್ಲ. ಕೈ ಆಡಿದಂತೆ ಒಳಗಿನ ಸುರುಳಿ ಬಿಗಿಯುತ್ತದೆ. ಬಿಚ್ಚಿಟ್ಟರೆ ಒಂದೂವರೆ ದಿನಕ್ಕೆ ನಿಲ್ಲುತ್ತದೆ. ಅಂದರೆ ಇಷ್ಟು ದಿನ ಇವನು ತೊಟ್ಟಿದ್ದಾನೆ!

ವರ್ಷದ ಕಾರ್ಯ ಆದ ಮೇಲೆ ಆ ಕಡೆಯ ಬೀಗರೊಬ್ಬರು, ಹೆಣ್ಣನ್ನು ತಮ್ಮನಿಗೇ ಮಾಡಿಕೊಂಡರಾಯಿತು ಎಂದದ್ದು ಅವಳ ಕಿವಿಗೂ ಬಿದ್ದಿತ್ತು. 'ವಾಚು ದಾಟಿಸ್ಯಾರ. ಇನ್ನ ನನ್ನನ್ನೂ ದಾಟಿಸೋರು...'

"ಅಣ್ಣನ ವಾಚು ಛಲೋ ಒಪ್ಪೇತಿ ನಿಮಗ," ಎಂದಳು.

ಅಮರೇಶ ಅಂಗಿಯ ತೋಳನ್ನು ಮಣಿಕಟ್ಟಿನ ಮೇಲೆ ಎಳೆದುಕೊಂಡ.

ಕಮರುದ್ದೀನ ಕಾಕಾ ವಾಚನ್ನು ಯಂತ್ರಕ್ಕೆ ಹಚ್ಚಿ ನೋಡಿ, ವಾಪಸು ತಂದಿಟ್ಟ. "ವಾಚಿಗೆ ಜಡ್ಡಿಲ್ಲವಾ. ಜಡ್ಡು ತೊಟ್ಟಾವಗ ಐತಿ, ಅವನ್ನ ಕೇಳು," ಎಂದು ಚಹಾ ಕುಡಿಯಲು ಹೊರಗೆ ಹೋದ.

"ಬಿಚ್ಚಿಟ್ಟಿದ್ರೇನು?" ಭಾಗ್ಯಶ್ರೀ ಕೇಳಿದಳು.

"ಹೌದ್ರಿ."

ಅವನು ನಿಧಾನವಾಗಿ ಹೇಳಿದ. ಆಸ್ಪತ್ರೆಯಿಂದ ತಂದಾಗ ಅಣ್ಣನ ಕೈ ನಿಂತಿತ್ತು, ವಾಚು ನಿಂತಿರಲಿಲ್ಲ. ಅವ್ವ ಅದನ್ನು ಕಿವಿಗೆ ಹಿಡಿದಳು. ಅಂದಿನಿಂದ ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ಅದನ್ನು ಕಿವಿಗೆ ಹಚ್ಚಿಕೊಂಡ ಮೇಲೆಯೇ ಅವಳು ತುತ್ತು ಮುಟ್ಟುವುದು. ಅದು ತಾನಾಗಿ ನಡೆಯುತ್ತದೆಂದೇ ಅವಳ ನಂಬಿಕೆ. ಅದಕ್ಕೆ ಇವನು ಹಗಲೆಲ್ಲ ತೋಳಿನೊಳಗೆ ಮುಚ್ಚಿಟ್ಟು ತೊಟ್ಟು, ರಾತ್ರಿ ಅವಳಿಗೆ ಗೊತ್ತಾಗದಂತೆ ತಿರುಗಿ ಇಡುತ್ತಿದ್ದ. ಅದರಲ್ಲಿ ಒಮ್ಮೆಯೂ ವೇಳೆ ನೋಡಿಲ್ಲ. ಹತ್ತಿಯ ಬೇಲು ಎತ್ತುವಾಗ ಮಣಿಕಟ್ಟಿನ ಮೇಲೆ ಯಾರೋ ಬೆರಳಿಟ್ಟು ಕೂತ ಹಾಗೆ ಆಗುತ್ತಿತ್ತು.

"ಮತ್ತ ಯಾಕ ಬಿಚ್ಚಿದ್ರಿ?"

ಅವನು ಗಾಜಿನ ಕೆಳಗಿನ ವಾಚುಗಳನ್ನು ನೋಡುತ್ತ ನಿಂತ.

"ಅಣ್ಣನ ವಾಚು ಕಟ್ಟಿಕೊಂಡು... ನಾ ನಿಮ್ಮನ್ನ ನೆನಸಾಕ ಹತ್ತಿದ್ದೆ. ಕಳವು ಮಾಡಿದಂಗ ಅನಸ್ತು. ಅದಕ್ಕ ಬಿಚ್ಚಿಟ್ಟೆ. ಅದು ನಿಂತಿತು, ಅವ್ವ ಉಣ್ಣೋದು ಬಿಟ್ಟಳು. ವಾಚಿಗೆ ಜಡ್ಡು ಬಿದ್ದೇತಿ ಅಂತ ಅಕೀಗೆ ಸುಳ್ಳ ಹೇಳಿ, ಮತ್ತ ಕಟ್ಟಿಕೊಂಡು ಬಂದೇನ್ರಿ."

ಭಾಗ್ಯಶ್ರೀಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಎರಡು ವರ್ಷದಿಂದ ಹೋದವನ ನೆರಳಿನ ಜೊತೆ ಬದುಕುತ್ತಿದ್ದವಳು ತಾನೊಬ್ಬಳೇ ಎಂದುಕೊಂಡಿದ್ದಳು...

"ಇಲ್ಲೇ ಬಿಟ್ಟು ಹೋಗ್ರಿ," ಎಂದಳು. "ಸೋಮವಾರ ನಾನ ಮನಿಗೆ ತರ್ತೇನಿ. ವಾಚು ನಡ್ಯಾಕತ್ತೇತಿ, ಅಲ್ಲೀತನಕ ಉಣ್ಣು ಅಂತ ಅವ್ವಾರಿಗೆ ಹೇಳ್ರಿ."

ಅಲ್ಲಿಯವರೆಗೆ ಅದು ನಿಲ್ಲಬಾರದು. ಅದಕ್ಕೆ ಅವಳೇ ಕಟ್ಟಿಕೊಂಡಳು. ಸೊಟ್ಟ ತೂತಿಗೂ ಅವಳ ಕೈಗೆ ಅದು ಸಡಿಲ. ರೊಟ್ಟಿ ಬಡಿಯುವಾಗ ಟಿಕ್ ಟಿಕ್, ಜಡೆ ಹಾಕುವಾಗ ಕಿವಿಯ ಪಕ್ಕದಲ್ಲೇ ಟಿಕ್ ಟಿಕ್. ಯಾರ ನಾಡಿ ಇದು? ಹೋದವನದೋ, ತನ್ನದೋ?

ಸೋಮವಾರ ಹಸಿರು ಸೀರೆಯನ್ನು ಚೀಲದಲ್ಲಿಟ್ಟುಕೊಂಡು ಧಾರವಾಡದ ಕಡೆಯ ಚಿಗರಿ ಬಸ್ಸು ಹತ್ತಿ ಬೈರಿದೇವರಕೊಪ್ಪದಲ್ಲಿ ಇಳಿದಳು.

ಬಸವಕಿರಣನ ಅವ್ವ ಶಿವಲಿಂಗವ್ವ ಜಗಲಿಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮೊರ ಬದಿಗಿಟ್ಟು, ಭಾಗ್ಯಶ್ರೀಯ ಕೈ ಹಿಡಿದು, ವಾಚನ್ನು ಬಿಚ್ಚದೆ ಹಾಗೆಯೇ ಕಿವಿಗೆ ತಂದುಕೊಂಡಳು. ಬಹಳ ಹೊತ್ತು ಕೇಳಿದಳು. ಬಾಗಿಲಲ್ಲಿ ಅಮರೇಶ ನಿಂತಿದ್ದ.

"ಇದು ನಿಂತಾಗ ಮೊದಲ ನನ್ನ ಎದಿ ಒಡೀತವಾ," ಎಂದಳು ಮುದುಕಿ. "ಹೊಟ್ಟಿ ಖಾಲಿ ಇಟ್ಟುಕೊಂಡು ಕುಂತಾಗ ಲಕ್ಷಕ್ಕ ಬಂತು. ಸತ್ತಾಂವ ವಾಚು ಬಿಚ್ಚಂಗಿಲ್ಲ. ಬದುಕಿದ್ದಾಂವ ಬಿಚ್ಚ್ಯಾನ. ಇಷ್ಟ ದಿನ ನಾ ಕೇಳಿದ್ದು ಅಮರ್ಯಾನ ಕೈಯ ನಾಡಿ ಬಡಿತ."

ಅಮರೇಶ ಮುಖ ತಿರುಗಿಸಿದ.

"ಹ್ವಾದ ಮಗನ ಸಲುವಾಗಿ ಇದ್ದ ಮಗನ ಕೈ ಕಟ್ಟಿಹಾಕಿದ್ದೆ. ನಿನ್ನನ್ನೂ ಕಟ್ಟಿಹಾಕಿದ್ದೆ. ನಿಮ್ಮನಿ ಸಾಮಾನು ಎಂದೋ ಮುಟ್ಟಿಸಬೇಕಾಗಿತ್ತು. ಋಣ ಇಟ್ಟುಕೊಂಡ್ವಿ ನಾವು."

ಭಾಗ್ಯಶ್ರೀ ಸೀರೆ ತೆಗೆದು ಅವಳ ಮುಂದಿಟ್ಟಳು. ಶಿವಲಿಂಗವ್ವ ಅದರ ಸೆರಗನ್ನೊಮ್ಮೆ ಸವರಿ ಒಳಗೆ ಒಯ್ದಳು. ಹೊರಬಂದಾಗ ಅವಳ ಕೈಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಬಟ್ಟೆಯ ಕಣ.

"ಸೆರಗು ಹಿಡಿ," ಎಂದಳು.

ಎರಡು ವರ್ಷದಿಂದ ಯಾರೂ ತುಂಬದ ಉಡಿ... ಭಾಗ್ಯಶ್ರೀ ಸೆರಗು ಚಾಚಿದಳು. ಮುದುಕಿ ಅಕ್ಕಿ ಸುರಿದು, ವಾಚು ಬಿಚ್ಚಿ ಅದರ ಮೇಲಿಟ್ಟಳು.

"ಮುಟ್ಟಿತಲ್ಲವಾ?"

"ಮುಟ್ಟಿತು, ಅವ್ವಾರ."

ಬಸ್‌ಸ್ಟಾಪಿನವರೆಗೆ ಅಮರೇಶ ಜೊತೆಗೆ ಬಂದ. ಅವನ ಅಂಗಿಯ ತೋಳು ಇಂದು ಮೇಲಕ್ಕೆ ಮಡಚಿತ್ತು. ಮಣಿಕಟ್ಟಿನ ಮೇಲೆ ಬೆಲ್ಟು ಉಜ್ಜಿದ ಬಿಳಿ ಪಟ್ಟೆಯೊಂದು. ಅವಳ ಉಡಿಯಲ್ಲಿ ಅಕ್ಕಿಯ ನಡುವೆ ವಾಚು ಇನ್ನೂ ಸಣ್ಣಗೆ ನಡೆಯುತ್ತಿತ್ತು.

"ನಾಳಿಗೆ ನಿಲ್ತೇತ್ರಿ," ಎಂದ.

"ನಿಲ್ಲಲಿ ಬಿಡ್ರಿ. ಭಾಳ ದಣದೇತಿ."

ಬಸ್‌ಸ್ಟಾಪು ಹತ್ತಿರ ಬಂತು.

"ಈಗ ಕೈ ಖಾಲಿ ಅನಸ್ತೇತ್ರಿ," ಎಂದ ಅವನು, ಅವಳ ಮುಖ ನೋಡದೆ.

ಬಸ್ಸು ಬಂದು ನಿಂತಿತು. ಭಾಗ್ಯಶ್ರೀ ಉಡಿಯನ್ನು ಎದೆಗೆ ಅವಚಿಕೊಂಡು ಹತ್ತುತ್ತ ತಿರುಗಿ ನೋಡಿದಳು.

"ಕೈಗೆ ವಾಚು ಹೆಣ್ಣಿನ ಮನಿಯವರು ಕೊಡೂದು, ಅಮರೇಶ. ಹಿರ್‍ಯಾರನ್ನ ಕರಕೊಂಡು ಹೆಣ್ಣು ಕೇಳಾಕ ಬರ್ರಿ. ತೂತು ಮಾತ್ರ ನಾನ ನೆಟ್ಟಗ ಹೊಡೀತೇನಿ."