ಪುಟ್ಟಿಯ ಹೊಲಿಗೆ

ಸಳಪ್. ಸಳಪ್.

ರಾತ್ರಿ ಹನ್ನೊಂದೂವರೆ. ಹುಣಸೂರಿನ ನಮ್ಮ ನಾಯಿ-ಬೆಕ್ಕುಗಳ ಕ್ಲಿನಿಕ್ಕಿನಲ್ಲಿ ಆ ಹೊತ್ತಿಗೆ ಇದ್ದ ಡಾಕ್ಟರು ನಾನೊಬ್ಬಳೇ. ಗೂಡಿನಲ್ಲಿ ಪುಟ್ಟಿ ಎಂಬ ನಾಯಿ ಹೊಟ್ಟೆಯ ಹೊಲಿಗೆ ನೆಕ್ಕುತ್ತಿತ್ತು. ನೆಕ್ಕದಿರಲೆಂದು ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ ಕೋನ್ ಕಳಚಿ ಬಿದ್ದಿತ್ತು. ಟಾರ್ಚ್ ಹಿಡಿದೆ. ಹೊಲಿಗೆಯ ಸುತ್ತ ಕೀವು.

ಮರಿಯಾಗದಂತೆ ಆಪರೇಷನ್ ಮಾಡಿ ನಾಲ್ಕು ದಿನ. ಇದಕ್ಕೂ ಕೀವಾದೀತೆಂಬ ಹೆದರಿಕೆಯಿಂದಲೇ ಮನೆಗೆ ಕಳಿಸಿರಲಿಲ್ಲ. ಈ ತಿಂಗಳು ಕೀವಾದ ಮೂರನೆಯ ನಾಯಿ ಇದು. ಮೂರನ್ನೂ ಕೊಯ್ದವಳು ನಾನೇ.

* * *

"ಮರಮ್ಮ ಆಪರೇಷನ್ ಸಾಮಾನು ಸರಿಯಾಗಿ ಬೇಯಿಸಿಲ್ಲ," ಎಂದರು ಕ್ಲಿನಿಕ್ಕಿನ ಯಜಮಾನರಾದ ಡಾಕ್ಟರ್ ರುದ್ರಸ್ವಾಮಿ, ಬೆಳಿಗ್ಗೆ. "ಸಂಜೆಯೊಳಗೆ ಬೇರೆ ಕಾರಣ ತೋರಿಸಿ, ಫರ್ಹತ್. ಇಲ್ಲಾಂದ್ರೆ ಅವಳನ್ನು ಕೆಲಸದಿಂದ ಬಿಡಿಸ್ತೀನಿ."

ಹನ್ನೆರಡು ವರ್ಷದಿಂದ ಆಯಾ ಆಗಿರುವ ಮರಮ್ಮ ಬಾಗಿಲಲ್ಲೇ ನಿಂತಿದ್ದರು.

"ಪಟ್ಟಿ ಕಪ್ಪಾಗೋಗಂಟ ಬೇಯ್ಸಿವ್ನಿ ಕಣವ್ವ. ನೀವೇ ನೋಡುದ್ರಲ್ಲ."

ನೋಡಿದ್ದೆ. ಶಾಖ ಸಾಕಾದರೆ ಮಾತ್ರ ಸಾಮಾನಿನ ಗಂಟಿಗೆ ಅಂಟಿಸಿದ ಆ ಪಟ್ಟಿ ಕಪ್ಪಾಗುವುದು. ಜೊತೆಯಲ್ಲೇ ಬೆಂದ ಕತ್ತರಿಗಳಿಂದ ಪುಟ್ಟಿಯ ದಿನವೇ ಎರಡು ಬೆಕ್ಕುಗಳನ್ನೂ ಕೊಯ್ದಿದ್ದೆ. ಅವು ಗುಣವಾಗಿವೆ. ನೆಕ್ಕಿದ್ದೇ ಕಾರಣವೇ? ಮೊದಲಿನ ಎರಡು ನಾಯಿಗಳ ಕೋನ್ ಕಳಚಿರಲೇ ಇಲ್ಲ.

ಪುಟ್ಟಿಯನ್ನು ಮೇಜಿನ ಮೇಲೆ ಮಲಗಿಸಿ ಭೂತಗನ್ನಡಿ ಹಿಡಿದೆ. ಹೊಲಿಗೆಯಿಂದ ದೂರದಲ್ಲೂ ಸಣ್ಣ ಸಣ್ಣ ಗೀರು, ಒಣಗಿದ ಹಕ್ಕಳೆ. ಎಲ್ಲವೂ ಒಂದೇ ದಿಕ್ಕಿಗೆ.

"ಮರಮ್ಮ, ಕೂದಲಿಗೆ ಬ್ಲೇಡು ಹಾಕಿದ್ರಾ?"

"ನಾನೆಲ್ಲಿ ತಗದೆ? ಟೇಬಲ್‌ಗೆ ಬಂದಾಗ್ಲೇ ನುಣ್ಣಗಿತ್ತು. ಆ ಎರಡೂ ಅಂಗೇಯ. ನೀವೇ ತಗ್ದೀರಿ ಅಂದ್ಕೊಂಡೆ."

ನಾನು ಮರಮ್ಮನ ಕೆಲಸವೆಂದುಕೊಂಡಿದ್ದೆ.

ಫೈಲು ತೆರೆದೆ. ಮೂರೂ ಕಟ್ಟೆಮಳಲವಾಡಿಯ ನಾಯಿಗಳು. ಪುಟ್ಟಿಯ ಯಜಮಾನ ಶಿವಶಂಕರ್. ಕೆಲಸ: ಕಟಿಂಗ್ ಶಾಪ್.

* * *

"ಕೂದ್ಲು ತಗ್ಯೋ ಮಿಷಿನ್ ಸದ್ದಿಗೆ ಪುಟ್ಟಿ ಎದ್ರುಕೊತಾಳೆ ಮೇಡಂ," ಎಂದರು ಶಿವಶಂಕರ್, ತಮ್ಮ ಅಂಗಡಿಯಲ್ಲಿ. "ಅದುಕ್ಕೆ ಆಪರೇಸನ್ ಮುನ್ನಾದಿನ ರಾತ್ರೀನೇ ನಾನೇ ಕೆರೆದ್ಬುಟ್ಟೆ. ಮೊದ್ಲು ಬಂದ್ವಲ್ಲ ಪಕ್ಕದ್ಮನೆಯವು, ಆ ಎರಡಕ್ಕೂವೆ. ಒಸಾ ಬ್ಲೇಡು ಕಣ್ರೀ. ಮದುವೆ ಗಂಡಿಗೂ ಅಷ್ಟು ನುಣ್ಣಗೆ ಮಾಡಿಲ್ಲ."

"ಬ್ಲೇಡಿನ ಗೀರಲ್ಲಿ ರಾತ್ರಿಯಿಡೀ ರೋಗಾಣು ಬೆಳೀತವೆ. ಬೆಳಿಗ್ಗೆ ಔಷಧಿ ಒರೆಸಿದರೂ ಪೂರ್ತಿ ಹೋಗಲ್ಲ. ಅದಕ್ಕೇ ನಾವು ಮತ್ತಿನ ಮದ್ದು ಕೊಟ್ಟು, ಕೊಯ್ಯೋಕೆ ಮುಂಚೆಯಷ್ಟೇ ಮೆಷಿನ್ನಲ್ಲಿ ತೆಗೆಯೋದು. ಆಗ ಅವಳಿಗೆ ಸದ್ದೂ ಕೇಳಿಸಲ್ಲ."

ಬಾಚಣಿಗೆ ಹಿಡಿದ ಅವರ ಕೈ ಕೆಳಗಿಳಿಯಿತು.

"ಪುಟ್ಟಿ ಉಳೀತಾಳಾ?"

"ಮೂರೂ ಉಳೀತವೆ."

"ಪಕ್ಕದೋರ್ಗೆ ಏನಂತ ಯೋಳ್ಲಿ? ನನ್ನ ನಂಬಿ ಕೊಟ್ರು."

* * *

"ಮರಮ್ಮನ ತಪ್ಪಿಲ್ಲ ಸರ್," ಎಂದೆ ಸಂಜೆ, ಡಾಕ್ಟರ್ ರುದ್ರಸ್ವಾಮಿಯವರಿಗೆ. "ಯಾರೋ ಮುನ್ನಾದಿನವೇ ಬ್ಲೇಡಿನಲ್ಲಿ ಬೋಳಿಸಿದ್ದರು. ಗೀರು ನೋಡಿ ನಾನು ಆಪರೇಷನ್ ಮುಂದೂಡಬೇಕಿತ್ತು. ನೋಡದೆ ಕೊಯ್ದೆ. ನಾಯಿಗಳ ಮನೆಯವರಿಗೂ ಹಾಗೇ ಹೇಳ್ತೀನಿ."

"ಬೋಳಿಸಿದ್ದು ಯಾರು?"

ಹೊರಗೆ ಮರಮ್ಮ ನಾಳೆಯ ಸಾಮಾನಿನ ಗಂಟಿಗೆ ಹೊಸ ಪಟ್ಟಿ ಅಂಟಿಸುತ್ತಿದ್ದರು.

"ಗೊತ್ತಾಗಲಿಲ್ಲ ಸರ್," ಎಂದೆ. ಶಿವಶಂಕರ್ ಹೆಸರನ್ನು ಯಾರಿಗೂ ಹೇಳಬಾರದೆಂದು ಅವರ ಅಂಗಡಿಯಿಂದ ವಾಪಸು ಬರುವ ದಾರಿಯಲ್ಲೇ ನಿರ್ಧರಿಸಿದ್ದೆ.