ಹೋಬರ್ಟನ ನಳಿಗೆ ಕದ್ದವರಾರು?

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆ. ಹತ್ತು ಸೆಂಟಿನ ಡೈಮ್ ನಾಣ್ಯವೊಂದು ಕೋವಿ ನಳಿಗೆಯ ತುಂಡಿನೊಳಗೆ ಇಳಿದು, ಆಚೆ ಬದಿಯಿಂದ ಹೊರಬಿದ್ದು, ಲಾನಿ ಫ್ಯೂಗೇಟನ ಅಂಗಡಿಯ ಸಿಮೆಂಟು ನೆಲದ ಮೇಲೆ ಠಣ್ ಎಂದಿತು.

ಬೀಳಬಾರದಿತ್ತು.

ಅಂಗಡಿಯಲ್ಲಿ ಆಗ ಇದ್ದವರು ಮೂವರು. ಕೋವಿ ರಿಪೇರಿಯ ಲಾನಿ, ಕೋವಿಯ ಒಡತಿ ನೇಡೀನ್ ಕೂಡಿಲ್, ಅವಳ ತಮ್ಮ ಗಾರ್ಲಂಡ್. ನಾಣ್ಯ ಹಾಕಿದವನು ಗಾರ್ಲಂಡ್. ಷೆರಿಫ್ ಕಚೇರಿಯ ಡೆಪ್ಯುಟಿ ಇಮೋಜೀನ್ ಸ್ಲೋನ್ ಬಂದಾಗ ಮೂವರೂ ಒಟ್ಟಿಗೆ ಕೂಗಾಡುತ್ತಿದ್ದರು.

"ಒಬ್ಬೊಬ್ರಾಗಿ ಹೇಳಿ," ಎಂದಳು ಇಮೋಜೀನ್. "ಏನು ಕಳುವಾಗಿದೆ?"

"ಅಪ್ಪನ ನಳಿಗೆ!" ಎಂದ ಗಾರ್ಲಂಡ್.

"ಮತ್ತೆ ಈ ಮೇಜಿನ ಮೇಲಿರೋದು?"

"ಅದು ಯಾರ್ದೋ! ಯಾರೋ ಅಪ್ಪನ ನಳಿಗೆ ಎತ್ಕೊಂಡು, ತಮ್ಮ ಗುಜರಿ ನಳಿಗೆ ಸಿಗಿಸಿ ಹೋಗಿದಾರೆ. ನಮ್ಮಕ್ಕ ಕತ್ತರಿಸಿರೋದು ಗುಜರಿಯನ್ನ!"

ಹೋಬರ್ಟ್ ಕೂಡಿಲನ ನಳಿಗೆ ಎಂದರೆ ಲಿಕ್ ಫೋರ್ಕ್ ಕಣಿವೆಯಲ್ಲಿ ಯಾರಿಗೂ ವಿವರಿಸಬೇಕಿರಲಿಲ್ಲ. ಇಮೋಜೀನ್‌ಗಂತೂ ಬೇಡವೇ ಬೇಡ; ಗುರಿ ಪಂದ್ಯದಲ್ಲಿ ಅದರ ಮುಂದೆ ಅವಳೂ ಆರು ಸಲ ಸೋತಿದ್ದಳು. ಪ್ರತಿ ಶರತ್ಕಾಲದಲ್ಲಿ ಅಗ್ನಿಶಾಮಕ ಸ್ವಯಂಸೇವಕರು ನಡೆಸುವ ಪಂದ್ಯ ಅದು. ಹೆಸರಿಗೆ ಟರ್ಕಿ ಕೋಳಿಯ ಪಂದ್ಯ. ಕೊಡುವುದು ಹೊಗೆಯಲ್ಲಿ ಹದಮಾಡಿದ ಹಂದಿತೊಡೆ. ಒಬ್ಬೊಬ್ಬರಿಗೆ ಒಂದೊಂದು ರಟ್ಟು, ಒಂದೊಂದು ತೋಟಾ. ರಟ್ಟಿನ ನಡುವೆ ಬರೆದ ಗೀಟಿಗೆ ಯಾರ ಸೀಸದ ಚರೆ ತೀರ ಹತ್ತಿರ ಬೀಳುತ್ತದೋ ತೊಡೆ ಅವರದು. ಮೂವತ್ತು ವರ್ಷ ಹೆಚ್ಚುಕಮ್ಮಿ ಅದು ಹೋಬರ್ಟನದೇ ಆಗಿತ್ತು.

ಮುಂದಿನ ಹಿಡಿಯನ್ನು ಹಿಂದಕ್ಕೆಳೆದು ತೋಟಾ ಏರಿಸುವ ಅವನ ಪಂಪ್ ಕೋವಿಯ ನಳಿಗೆ ತುದಿಯಲ್ಲಿ ಕಿರಿದು, ಬಿಗಿ. ಚರೆ ಚದುರದೆ ಒಟ್ಟಾಗಿ ಹೋಗುತ್ತಿತ್ತು. ಬಿಗಿ ಎಷ್ಟೆಂದು ತೋರಿಸಲು ಹೋಬರ್ಟ್ ನಳಿಗೆಯ ಬಾಯಿಯ ಮೇಲೆ ಡೈಮ್ ಇಡುತ್ತಿದ್ದ. ಅದು ಭರಣಿಯ ಮುಚ್ಚಳದಂತೆ ಕೂರುತ್ತಿತ್ತು. ಉಳಿದವರ ಕೋವಿಗಳಲ್ಲಿ ಇಟ್ಟರೆ ಗುಳುಂ.

ವಸಂತದಲ್ಲಿ ಹೋಬರ್ಟ್ ತೀರಿಕೊಂಡ. ಕೋವಿ ಮಗಳಿಗೆ ಬಂತು.

"ನೀನು ಲಾನಿ ಹತ್ರ ಏನು ಮಾಡಿಸೋಕೆ ಕೊಟ್ಟಿದ್ದೆ?" ಇಮೋಜೀನ್ ನೇಡೀನಳನ್ನು ಕೇಳಿದಳು.

"ಮನೆ ಕಾಯೋ ಹಾಗೆ ಮಾಡ್ಕೊಡು ಅಂದಿದ್ದೆ. ಬೇಸಿಗೇಲಿ ನಮ್ಮ ರಸ್ತೇಲಿ ಎರಡು ಮನೆ ಬೀಗ ಒಡೆದ್ರಲ್ಲ? ರಸ್ತೆ ಮುಗಿಯೋದೇ ನನ್ನ ಮನೇಲಿ. ಆ ಕೋವಿ ಹಿಡ್ಕೊಂಡು ನಡುಮನೆ ಓಣೀಲಿ ತಿರುಗಿ ನೋಡ್ದೆ, ಉದ್ದ ನಳಿಗೆ ತಗುಲಿ ಅಮ್ಮನ ಪಿಂಗಾಣಿ ಗಡಿಯಾರ ಹೋಯ್ತು. ಕಳ್ಳ ಬರೋಕೆ ಮುಂಚೆ ನಾನೇ ಮನೆ ಒಡೆದು ಮುಗಿಸ್ತಿದ್ದೆ."

ಲಾನಿ ಕೆಲಸದ ಪಟ್ಟಿ ಒಪ್ಪಿಸಿದ. ಹೆಗಲಿಗೆ ಒರಗಿಸುವ ಮರವನ್ನು ಅವಳ ತೋಳಿಗೆ ತಕ್ಕಂತೆ ಗಿಡ್ಡ ಮಾಡಿ ರಬ್ಬರು ಮೆತ್ತೆ ಹಾಕುವುದು. ಮುಂದೆ ಒಂದು ಟಾರ್ಚು. ಮೂರಕ್ಕಿಂತ ಹೆಚ್ಚು ತೋಟಾ ತುಂಬಬಾರದೆಂಬ ಬಾತುಬೇಟೆಯ ಕಾನೂನಿಗಾಗಿ ಹೋಬರ್ಟ್ ತೋಟಾ ಕೊಳವೆಯಲ್ಲಿ ತುರುಕಿದ್ದ ಮರದ ಕಡ್ಡಿ ತೆಗೆಯುವುದು. ಮತ್ತು ನಳಿಗೆ. ಈ ಹಳೇ ಮಾದರಿಗೆ ಗಿಡ್ಡ ನಳಿಗೆ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಇರುವುದನ್ನೇ ಕಾನೂನು ಬಿಡುವಷ್ಟಕ್ಕೆ, ಅದಕ್ಕಿಂತ ಅರ್ಧ ಇಂಚು ಹೆಚ್ಚೇ ಇಟ್ಟು, ಕತ್ತರಿಸಬೇಕು. ಇವತ್ತು ಬೆಳಿಗ್ಗೆ ಕತ್ತರಿಸಿದ್ದ.

"ಚರ್ಚಿನ ಗೋಪುರ ಗರಗಸದಲ್ಲಿ ಕೊಯ್ದ ಹಾಗೆ!" ಎಂದ ಗಾರ್ಲಂಡ್. ನಳಿಗೆ ಕತ್ತರಿಸುವ ಈ ಒಂದು ವಿಷಯಕ್ಕಾಗಿ ಅವನು ಅಕ್ಕನ ಜೊತೆ ಮಾತು ಬಿಟ್ಟು ವಾರವಾಗಿತ್ತು.

"ಲಾನಿ, ನಳಿಗೆಯ ಬುಡದಲ್ಲಿ ಕಾರ್ಖಾನೆಯವರು ಬಿಗಿ ಎಷ್ಟು ಅಂತ ಅಚ್ಚು ಒತ್ತಿರ್ತಾರಲ್ಲ? ಓದು."

ಲಾನಿ ಕನ್ನಡಕ ಏರಿಸಿದ. ಓದಿದ. ಕಿವಿ ಕೆಂಪಾಯಿತು.

"ಅರೆಬಿಗಿ ಅಂತಿದೆ. ಇದು ಹೋಬರ್ಟನದಲ್ಲ."

"ಕತ್ತರಿಸೋಕೆ ಮುಂಚೆ ಓದ್ಲಿಲ್ವಾ?"

"ಇಮೋಜೀನ್, ನಿಮ್ಮಪ್ಪ ಮನೆಗೆ ಬಂದ್ರೆ ಗುರುತಿನ ಚೀಟಿ ಕೇಳ್ತೀಯಾ?"

ಕೋವಿ ಸೋಮವಾರದಿಂದ ಅಂಗಡಿಯ ಕೋವಿ ನಿಲ್ಲಿಸುವ ಚೌಕಟ್ಟಿನಲ್ಲಿತ್ತು. ಬಾಗಿಲಿಗೆ ರಾತ್ರಿ ಬೀಗ, ಹಗಲು ಊರೆಲ್ಲ ಒಳಗೆ. ತೋಟಾ ಕೊಳವೆಯ ಮೂತಿಯ ತಿರುಪು ಬಿಚ್ಚಿದರೆ ನಳಿಗೆ ಕೈಗೆ ಬರುತ್ತದೆ, ನಿಮಿಷದ ಕೆಲಸ. ಆದರೆ ಬದಲಿಗೆ ಸಿಗಿಸಲು ಅದೇ ಮಾದರಿಯ ನಳಿಗೆ ಬೇಕು. ಆ ಮಾದರಿ ಕಣಿವೆಯಲ್ಲಿ ಇನ್ನು ಯಾರ ಬಳಿ ಇದೆ?

"ನನ್ಹತ್ರ ಒಂದಿದೆ," ಎಂದ ಲಾನಿ. "ಗಾರ್ಲಂಡ್ ಹತ್ರ ಒಂದು. ಎಸ್ಟಿಲ್ ಪ್ರೇಟರ್ ಹತ್ರ ಒಂದು."

ಎಸ್ಟಿಲ್ ಹೆಸರು ಬಿದ್ದದ್ದೇ ತಡ, ಗಾರ್ಲಂಡ್ ಮೇಜು ಕುಟ್ಟಿದ. ಎಸ್ಟಿಲ್ ಪ್ರೇಟರ್ ಎಂದರೆ ಹೋಬರ್ಟನ ಪಕ್ಕದ ತಂಬಾಕು ಹೊಲದವ, ಮೂವತ್ತು ವರ್ಷ ಅವನಿಗೆ ಸೋತವ.

"ಬುಧವಾರ ಬಂದಿದ್ದ," ಲಾನಿ ನೆನಪಿಸಿಕೊಂಡ. "ನಾನು ಊಟಕ್ಕೆ ಹೊರಟಿದ್ದೆ. 'ನೀ ಹೋಗಪ್ಪ, ನಾನು ಸ್ವಲ್ಪ ಹೊತ್ತು ಕೂತಿರ್ತೀನಿ, ನಳಿಗೆಗೆ ವಿದಾಯ ಹೇಳ್ಬೇಕು' ಅಂದ. ಹುರುಳಿ ಸಾರು, ಜೋಳದ ಬ್ರೆಡ್ಡು ಮುಗಿಸಿ ಬಂದಾಗಲೂ ಕೂತಿದ್ದ. ಕಣ್ಣು ಒದ್ದೆಯಾಗಿತ್ತು."

"ಗೊತ್ತಾಯ್ತಲ್ಲ!" ಗಾರ್ಲಂಡ್ ಎದ್ದ. ಅವನು ಪಂದ್ಯ ಸಮಿತಿಯ ಕಾರ್ಯದರ್ಶಿ. "ಇನ್ನೊಬ್ಬರ ಕೋವಿ ಮುಟ್ಟಿ ಮೋಸ ಮಾಡಿದವನಿಗೆ ಜನ್ಮವಿಡೀ ಪಂದ್ಯ ಇಲ್ಲ. ನಿಯಮ ಇದೆ. ನಾಳೆ ಬೆಳಿಗ್ಗೆ ಪಂದ್ಯ ಶುರುವಾಗೋಕೆ ಮುಂಚೆ ಮೈಕಿನಲ್ಲಿ ಹೇಳಿ ಹೆಸರು ತೆಗೀತೀನಿ."

"ಮೊದಲು ನಿನ್ನ ಕೋವಿ ತೋರಿಸು," ಎಂದಳು ಇಮೋಜೀನ್.

ಗಾರ್ಲಂಡನ ಕೋವಿ ಅವನ ಗಾಡಿಯಲ್ಲೇ ಇತ್ತು. ಇಮೋಜೀನ್ ಪಂಪ್ ಹಿಂದಕ್ಕೆಳೆದು, ಒಳಗೆ ಇಣುಕಿ, ಕಿರುಬೆರಳು ಹಾಕಿ ಖಾಲಿಯೆಂದು ಖಚಿತಪಡಿಸಿಕೊಂಡು, ಡೈಮ್ ಇಟ್ಟಳು. ಗುಳುಂ. ಲಾನಿಯದಕ್ಕೂ ಇಟ್ಟಳು. ಗುಳುಂ.

ಉಳಿದದ್ದು ಒಂದೇ.

ಎಸ್ಟಿಲ್ ಜಗಲಿಯ ಮೇಲೆ ಕೂತು ಸೇಬು ಹೆಚ್ಚುತ್ತಿದ್ದ. ಎರಡು ಗಾಡಿಗಳಿಂದ ನಾಲ್ವರು ಇಳಿದದ್ದು ನೋಡಿ ಒಳಕ್ಕೆ ಕೂಗಿದ: "ಓಲೀಟಾ! ಕೇಕು ದೊಡ್ಡದು ಮಾಡಿದೀಯ ತಾನೆ?"

"ಎಸ್ಟಿಲ್ ಮಾವ, ನಿಮ್ಮ ಕೋವಿ ನೋಡ್ಬೇಕಿತ್ತು," ಎಂದಳು ಇಮೋಜೀನ್.

"ನೋಡು ಮಗಳೇ. ಸೋತ ಕೋವಿ ನೋಡೋಕೆ ಪೊಲೀಸ್ರು ಬಂದದ್ದು ಇದೇ ಮೊದಲು."

ಎಸ್ಟಿಲ್‌ನ ಹೆಂಡತಿ ಓಲೀಟಾ ಕೋವಿಯನ್ನು ತಂದುಕೊಟ್ಟಳು. ಮರದ ತುಂಬ ಕೆಸರಿನ ಕಲೆ. ಇಮೋಜೀನ್ ಒಳಗು ಖಾಲಿಯೆಂದು ನೋಡಿದಳು. ಬಾಯಿ ಮೇಲೆ ಮಾಡಿ ಡೈಮ್ ಇಟ್ಟಳು.

ಡೈಮ್ ಕೂತಿತು. ಮುಚ್ಚಳದ ಹಾಗೆ.

ಎಸ್ಟಿಲ್‌ನ ಕೈಯ ಚಾಕು ಸೇಬಿನಲ್ಲಿ ಅರ್ಧಕ್ಕೆ ನಿಂತಿತು.

"ಸಿಕ್ಕಿಬಿದ್ದೆಯಲ್ಲ ಮಾವ!" ಎಂದ ಗಾರ್ಲಂಡ್. ಗೆದ್ದವನ ದನಿಯಲ್ಲ, ನೊಂದವನ ದನಿ. "ಕೇಳಿದ್ರೆ ಅಕ್ಕ ಕೊಟ್ಟುಬಿಡ್ತಿದ್ಲೋ ಏನೋ. ಕದಿಯೋದಾ?"

"ಕದಿಯೋದಾ? ಏನನ್ನ? ಇದು ನನ್ನ ಕೋವಿ ಕಣೋ!" ಎಸ್ಟಿಲ್ ಎದ್ದು ನಿಂತ. ಮುಖ ಬಿಳಿಚಿತ್ತು. "ಮೂವತ್ತು ವರ್ಷ ಸೋತಿದೀನಿ. ಕಳ್ಳ ಅನ್ನಿಸ್ಕೊಂಡಿಲ್ಲ. ನಾಳೆ ಪಂದ್ಯ... ಗಾರ್ಲಂಡ್, ನಾಳೆ ನನ್ನ ಹೆಸರು ತೆಗೀಬೇಡ. ಇನ್ನೊಂದು ಸಲ ಗುರಿಗೆ ಹೊಡೆದು ಆಮೇಲೆ ಸಾಯ್ತೀನಿ, ಬಿಡು."

"ನಿಯಮ ನಿಯಮವೇ, ಮಾವ."

"ಲಾನಿ, ಬಿಚ್ಚು," ಎಂದಳು ಇಮೋಜೀನ್. "ಬುಡದ ಅಚ್ಚನ್ನೂ ನೋಡಿಬಿಡೋಣ. ಕೆಸರು ಮುಚ್ಚಿದೆ."

ಲಾನಿ ಮೂತಿಯ ತಿರುಪು ಹಿಡಿದು ತಿರುಗಿಸಿದ. ಅಲ್ಲಾಡಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದ. ಕುತ್ತಿಗೆಯ ನರ ಉಬ್ಬಿತು, ತಿರುಪು ಅಲ್ಲಾಡಲಿಲ್ಲ. ಗಾಡಿಯಿಂದ ಎಣ್ಣೆ ತಂದು ಬಿಟ್ಟ. ಎಲ್ಲರೂ ಕಾದರು. ಓಲೀಟಾ ಕೇಕು ಹಂಚಿದಳು. ಕಳ್ಳತನದ ತನಿಖೆಯಾದರೂ ಬಂದವರು ಬಂದವರೇ. ಕೊನೆಗೆ ಗಾರ್ಲಂಡ್ ಕೋವಿ ಹಿಡಿದುಕೊಂಡು, ಲಾನಿ ಪಟ್ಟಿಯ ಪಾನಾ ಹಾಕಿ ಮೈಭಾರ ಬಿಟ್ಟಾಗ ಕರ್ ಎಂದು ಸದ್ದಾಯಿತು. ತಿರುಪು ಬಿಟ್ಟಿತು. ಒಳಗಿಂದ ಕೆಂಪು ಪುಡಿ ಉದುರಿತು.

"ಪೂರ್ಣ ಬಿಗಿ," ಲಾನಿ ಅಚ್ಚು ಒರೆಸಿ ಓದಿದ. "ಹೋಬರ್ಟನದೇ. ಅನುಮಾನವೇ ಇಲ್ಲ."

"ಮುಗೀತು," ಎಂದ ಗಾರ್ಲಂಡ್.

"ಇನ್ನೂ ಇಲ್ಲ." ಇಮೋಜೀನ್ ಕೆಂಪು ಪುಡಿಯನ್ನು ಅಂಗೈಗೆ ಸುರಿದುಕೊಂಡಿದ್ದಳು. "ಎಸ್ಟಿಲ್ ಮಾವ, ಈ ತಿರುಪು ನೀವು ಬಿಚ್ಚಿದ್ದು ಯಾವಾಗ?"

"ನಾನಾ? ನಾನ್ಯಾಕೆ ಬಿಚ್ಚಲಿ?"

"ತೊಳೆಯೋಕೆ, ಒರೆಸೋಕೆ."

ಓಲೀಟಾ ನಕ್ಕಳು. "ಈಯಪ್ಪನಿಗೆ ಹಲ್ಲುಜ್ಜು ಅಂತ ನೆನಪಿಸೋಳು ನಾನು. ಕೋವಿ ಒರೆಸ್ತಾನಾ! ಅದು ಒಂದೇ ಒಂದು ಸಲ ಸ್ನಾನ ಕಂಡಿದ್ದು, ಅದೂ ಬೇರೆಯವರ ಕೈಲಿ."

"ಯಾರ ಕೈಲಿ?"

"ಹೋಬರ್ಟ್ ಕೈಲಿ. ಇವನು ತಂಬಾಕು ಕೊಟ್ಟಿಗೆ ಏಣಿಯಿಂದ ಬಿದ್ದು ಕೈಗೆ ಪ್ಲಾಸ್ಟರ್ ಹಾಕ್ಕೊಂಡ ವರ್ಷ. 'ಪಾಪ, ಆ ಕೋವಿ ಮುಖ ನೋಡೋಕಾಗಲ್ಲ, ಕೊಡು ತೊಳೆದು ಕೊಡ್ತೀನಿ' ಅಂತ ತಗೊಂಡ್ಹೋದ. ಎರಡು ದಿನ ಬಿಟ್ಟು ತಂದುಕೊಟ್ಟ. ಹನ್ನೊಂದು ವರ್ಷ ಆಯ್ತು."

"ಆ ವರ್ಷದ ಪಂದ್ಯದಲ್ಲಿ ಏನು ನಡೀತು, ಮಾವ?"

ಎಸ್ಟಿಲ್ ತಲೆ ಕೆರೆದ. "ಸೋತೆ. ಇನ್ನೇನು? ಕೈಗೆ ಪ್ಲಾಸ್ಟರ್ ಹಾಕೋಕೆ ಮುಂಚೆ ಅದು. ಸ್ವಲ್ಪ... ಕೂಗಾಡಿದೆ ಅನ್ನು."

"ಏನಂತ?"

"ಎಲ್ರ ಮುಂದೆ ಅಂದುಬಿಟ್ಟೆ. 'ಹೋಬರ್ಟ್, ಹೊಡೆಯೋದು ನೀನಲ್ಲ ಕಣೋ, ನಿನ್ನ ನಳಿಗೆ! ಆ ನಳಿಗೆ ನನಗೆ ಕೊಡು, ಆಮೇಲೆ ನೋಡೋಣ!' ಅಂತ."

"ಅವರೇನಂದ್ರು?"

"ಏನೂ ಅನ್ನಲಿಲ್ಲ. ನಕ್ಕ."

ಇಮೋಜೀನ್ ಗಾರ್ಲಂಡನ ಕಡೆ ತಿರುಗಿದಳು. "ನಿಮ್ಮಪ್ಪ ನಳಿಗೆ ಮೇಲೆ ಡೈಮ್ ಇಟ್ಟು ತೋರಿಸಿದ್ದು ನೀನು ಕಡೇ ಸಲ ನೋಡಿದ್ದು ಯಾವಾಗ?"

"ಯಾವಾಗ್ಲೂ ಇಡ್ತಿದ್ರು."

"ಹೋದ ವರ್ಷ?"

"ಹೋದ ವರ್ಷ..." ಅವನು ತಡೆದ. "ಹೋದ ವರ್ಷ ಇಲ್ಲ."

"ಅದರ ಹಿಂದಿನ ವರ್ಷ?"

ಉತ್ತರ ಕೊಟ್ಟವಳು ನೇಡೀನ್. "ನನ್ನ ಮಗಳು ಅದನ್ನ ನೋಡೇ ಇಲ್ಲ. ಅವಳಿಗೀಗ ಹತ್ತು. 'ತಾತ, ಡೈಮ್ ಇಡು' ಅಂತ ಪೀಡಿಸ್ತಿದ್ಲು. 'ಆ ಆಟ ಹಳೇದಾಯ್ತು ಮರಿ' ಅಂತಿದ್ರು."

"ಹಾಗಾದ್ರೆ ಕೇಳಿ," ಎಂದಳು ಇಮೋಜೀನ್. "ನಾವೆಲ್ಲ ಬೆಳಿಗ್ಗೆಯಿಂದ ನಾಣ್ಯ ನೋಡ್ತಾ ಇದ್ದೀವಿ. ತುಕ್ಕು ನೋಡಲಿಲ್ಲ. ಗಾರ್ಲಂಡ್, ಈಗಷ್ಟೇ ನೀನೇ ಕೋವಿ ಹಿಡ್ಕೊಂಡಿದ್ದೆ. ಇಬ್ಬರು ಗಂಡಸರು, ಎಣ್ಣೆ, ಪಾನಾ, ಇಷ್ಟೂ ಬೇಕಾಯ್ತು. ಬುಧವಾರ ಬಿಚ್ಚಿ ಹಾಕಿದ ತಿರುಪಾದ್ರೆ ಬೆರಳಲ್ಲಿ ಬರ್ತಿತ್ತು. ಈ ನಳಿಗೆ ಈ ಕೋವೀಲಿ ವರ್ಷಗಟ್ಟಲೆಯಿಂದ ಇದೆ. ಲಾನಿ ಅಂಗಡೀಲಿ ಏನೂ ಕಳುವಾಗಿಲ್ಲ. ಅದಲುಬದಲಾದದ್ದು ಹನ್ನೊಂದು ವರ್ಷದ ಹಿಂದೆ. ಆಗ ಎರಡೂ ಕೋವಿ ಒಟ್ಟಿಗೆ ಇದ್ದದ್ದು ಒಬ್ಬರ ಮನೇಲಿ ಮಾತ್ರ. ಡೈಮ್ ಆಟ ನಿಂತದ್ದೂ ಆಮೇಲೇ. ಇಟ್ಟಿದ್ರೆ ಒಳಗೆ ಬಿದ್ದು ಗುಟ್ಟು ರಟ್ಟಾಗ್ತಿತ್ತು."

ಅವಳು ಅಂಗೈ ಝಾಡಿಸಿದಳು.

"ಅಪರಾಧಿ ಹೋಬರ್ಟ್ ಕೂಡಿಲ್. ಎಸ್ಟಿಲ್ ಮಾವ ನಳಿಗೆ ಕೊಡು ಅಂದ್ರು. ಹೋಬರ್ಟ್ ಕೊಟ್ಟರು. ಹೇಳಲಿಲ್ಲ, ಅಷ್ಟೆ."

ಎಸ್ಟಿಲ್ ಕೂತ. ತುಟಿ ಅಲ್ಲಾಡಿತು. ಲೆಕ್ಕ ಹಾಕುತ್ತಿದ್ದ.

"ಅಂದ್ರೆ... ಹನ್ನೊಂದು ವರ್ಷ ಅವನ ನಳಿಗೆ ನನ್ನ ಕೈಲಿತ್ತು?"

"ಇತ್ತು."

"ನನ್ನ ನಳಿಗೆ ಅವನ ಕೈಲಿತ್ತು?"

"ಹೌದು."

"ಆಗಲೂ ಅವನೇ ಗೆದ್ದ?"

"ಒಂಬತ್ತು ಸಲ," ಎಂದ ಗಾರ್ಲಂಡ್, ಕಾರ್ಯದರ್ಶಿಯಾಗಿ.

"ಮತ್ತೆ ಬುಧವಾರ ನಾನು ಊಟ ಬಿಟ್ಟು ಕೂತು ಅತ್ತು ಬಂದದ್ದು... ನನ್ನದೇ ಕಚಡಾ ನಳಿಗೆಗಾ?"

ಮೊದಲು ನಕ್ಕವಳು ಓಲೀಟಾ. ಆಮೇಲೆ ನೇಡೀನ್, ಜಗಲಿಯ ಕಂಬ ಹಿಡಿದುಕೊಂಡು. ಗಾರ್ಲಂಡ್ ತಡೆಯಲು ನೋಡಿದ, ಆಗಲಿಲ್ಲ. ಅಕ್ಕನ ಹೆಗಲಿಗೆ ಹಣೆ ಒತ್ತಿ ನಕ್ಕ. ಎಸ್ಟಿಲ್‌ನ ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ, ಕಣ್ಣಲ್ಲಿ ನೀರು ಬಂತು.

"ಬಡ್ಡೀಮಗ! ಸಾಯೋವರೆಗೂ ಬಾಯಿ ಬಿಡಲಿಲ್ಲ! ಆಸ್ಪತ್ರೇಲಿ ಕೈ ಹಿಡ್ಕೊಂಡು, 'ಎಸ್ಟಿಲ್, ಕೋವಿ ಚೆನ್ನಾಗಿ ನೋಡ್ಕೊ' ಅಂದ. ಅದಕ್ಕೂ ತಲೆ ಆಡಿಸಿದ್ದೆ!"

"ನೋಡ್ಕೊಂಡೆಯಲ್ಲ, ಕೆಸರು ಹಚ್ಚಿ!" ಎಂದಳು ಓಲೀಟಾ.

ಎಸ್ಟಿಲ್ ಕಣ್ಣೊರೆಸಿಕೊಂಡು ನಳಿಗೆಯನ್ನು ನೇಡೀನಳ ಕಡೆ ಚಾಚಿದ. "ತಗೋ ಮಗಳೇ. ನಿಮ್ಮಪ್ಪಂದು."

"ಬೇಡ ಮಾವ. ಅಪ್ಪ ನಿಮಗೆ ಕೊಟ್ಟಾಗಿದೆ. ನಾನು ವಾಪಸ್ ಇಸ್ಕೊಂಡ್ರೆ ಅವರ ತಮಾಷೆ ಕೆಡುತ್ತೆ. ಕತ್ತರಿಸಿದ್ದು ನನಗೆ ಸಾಕು, ಓಣಿಗೆ ಸರಿಯಾಗಿದೆ."

"ಹಾಗಂದ್ರೆ ನೀನು ಕತ್ತರಿಸಿದ್ದು ನನ್ನ ನಳಿಗೆ! ನನ್ನನ್ನ ಒಂದು ಮಾತು ಕೇಳದೆ! ಇಮೋಜೀನ್, ಬರಕೋ, ದೂರು ಕೊಡ್ತೀನಿ!"

"ಕೇಕು ಮುಗಿಸಿ ಬರಕೊಳ್ತೀನಿ," ಎಂದಳು ಇಮೋಜೀನ್.

ಗಾರ್ಲಂಡ್ ಟೋಪಿ ತೆಗೆದು ಎಸ್ಟಿಲ್‌ನ ಮುಂದೆ ನಿಂತ. "ಮಾವ, ತಪ್ಪಾಯ್ತು. ನಾಳೆ ಮೊದಲ ಹೆಸರು ನಿಮ್ಮದೇ."

"ಇರಲಿ ಬಿಡೋ. ಇಷ್ಟು ದಿನ ಸೋತಾಗೆಲ್ಲ ಬೈಯೋಕೆ ಅವನ ನಳಿಗೆ ಇತ್ತು. ನಾಳೆಯಿಂದ ಅದೂ ಇಲ್ಲ." ಅವನು ನಳಿಗೆಯನ್ನು ತಿರುವಿ ನೋಡಿದ. "ಲಾನಿ, ಇದನ್ನ ಒರೆಸೋದು ಹೇಗೆ, ಹೇಳಿಕೊಡು."

ಶನಿವಾರದ ಪಂದ್ಯದಲ್ಲಿ ಎಸ್ಟಿಲ್ ಪ್ರೇಟರ್ ಆ ನಳಿಗೆಯಿಂದ ಹೊಡೆದು ಹದಿನಾಲ್ಕನೆಯವನಾದ. ಅದೇ ಕೋವಿಯಿಂದ, ಜೀವಮಾನದಲ್ಲಿ ಮೊದಲ ಸಲ ಪಂದ್ಯಕ್ಕಿಳಿದ ಅವನ ಹೆಂಡತಿ ಓಲೀಟಾ ಹಂದಿತೊಡೆ ಗೆದ್ದಳು.